ಮಗು ಮುದ್ದಾಗಿದೆ ಸರಿ, ಫೋಟೋ ಹೇಗಿದೆ?

ಬೆಟ್ಟದ ಫೋಟೋ ತೋರಿಸಿದರೆ ಜನ ಧೈರ್ಯವಾಗಿ ಹೇಳುತ್ತಾರೆ, ದಿಗಂತ ವಾಲಿದೆ ಎಂದು. ಹಕ್ಕಿಯ ಫೋಟೋ ಆದರೆ ರೆಕ್ಕೆ ಮಸುಕಾಗಿದೆ, ಕೊಂಬೆ ಅಡ್ಡ ಬಂದಿದೆ ಎನ್ನುತ್ತಾರೆ. ಮಗುವಿನ ಫೋಟೋ ಮುಂದಿಟ್ಟು ನೋಡಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ಅಯ್ಯೋ, ಎಷ್ಟು ಮುದ್ದಾಗಿದೆ!" ಆ ಮಾತು ಸಲ್ಲಬೇಕಾದ್ದು ಮಗುವಿಗೆ. ಫೋಟೋ ಬಗ್ಗೆ ಅಲ್ಲಿ ಯಾರೂ ಏನೂ ಹೇಳಿರುವುದಿಲ್ಲ.

ಹೇಳಲು ಅಳುಕು. ಬೆಳಕು ಸರಿಯಿಲ್ಲ ಎಂದರೆ ಮಗು ಚೆನ್ನಾಗಿಲ್ಲ ಎಂದಂತೆ ಕೇಳಿಸೀತು ಎಂಬ ಸಂಕೋಚ. ತೆಗೆದವರು ಅಪ್ಪನೋ ಸೋದರತ್ತೆಯೋ ಆಗಿರುತ್ತಾರೆ. ಅವರ ಕಣ್ಣಿಗೆ ಫೋಟೋದಲ್ಲಿ ಇಲ್ಲದ್ದೂ ಕಾಣುತ್ತಿರುತ್ತದೆ. ಆ ಹೊತ್ತಿನ ತೊದಲು ಮಾತು, ಓಡಿಬಂದು ಕೊರಳಿಗೆ ಬಿದ್ದದ್ದು, ಎಲ್ಲ. ನೋಡುವವರಿಗೆ ಕಾಣುವುದು ಕಾಗದದ ಮೇಲಿನ ಒಂದು ಮುಖ ಮಾತ್ರ. ಈ ಎರಡು ನೋಟಗಳ ನಡುವಿನ ಅಂತರವನ್ನು ತೋರಿಸಿಕೊಡುವುದೇ ವಿಮರ್ಶೆಯ ಕೆಲಸ ಎಂದು ನಾನು ನಂಬಿದ್ದೇನೆ. ತಪ್ಪು ಎಣಿಸುವುದು ಆಮೇಲಿನ ಮಾತು.

ನಾವು ನಾಲ್ವರು ಗೆಳೆಯರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯ ಊಟದ ಮೇಜಿನ ಮೇಲೆ ಫೋಟೋ ಹರಡಿಕೊಂಡು ಕೂರುತ್ತೇವೆ. ಮೊದಲ ಕಟ್ಟುಪಾಡು: ಮೊಬೈಲ್ ತೆರೆದು ತೋರಿಸುವಂತಿಲ್ಲ, ಪ್ರಿಂಟ್ ತರಬೇಕು, 6-8 ಇಂಚಿನದ್ದಾದರೂ ಸಾಕು. ಮೊಬೈಲ್ ಕೊಟ್ಟರೆ ಎರಡು ಬೆರಳಿನಲ್ಲಿ ಮುಖ ಹಿಗ್ಗಿಸಿ, ಮುದ್ದಾಡಿ, ಮುಂದಕ್ಕೆ ತಳ್ಳಿಬಿಡುತ್ತಾರೆ. ಪ್ರಿಂಟ್‌ನಲ್ಲಿ ಅಂಚುಗಳೂ ಕಾಣುತ್ತವೆ. ಮಕ್ಕಳ ಫೋಟೋ ಕೆಡುವುದು ಹೆಚ್ಚಾಗಿ ಅಂಚಿನಲ್ಲೇ.

ಮೊಗ್ಗಿನ ಜಡೆಯ ಫೋಟೋ

ಒಂದು ಸಲ ಗೆಳೆಯನೊಬ್ಬ ತನ್ನ 6 ವರ್ಷದ ಮಗಳ ಫೋಟೋ ತಂದಿದ್ದ. ಮೊಗ್ಗಿನ ಜಡೆ ಹಾಕಿಸಿದ್ದರು. ನಮ್ಮ ಕಡೆ ಮೊಗ್ಗಿನ ಜಡೆ ಎಂದರೆ ಹಿಂದೆ ಕನ್ನಡಿ ಇರಲೇಬೇಕಲ್ಲ? ಮುಖ ಎದುರಿಗೆ, ಜಡೆ ಕನ್ನಡಿಯಲ್ಲಿ. ಹಳೆಯ ಆಲ್ಬಂ ತೆರೆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯದ್ದೋ ಅತ್ತೆಯದ್ದೋ ಅಂಥದೊಂದು ಸ್ಟುಡಿಯೋ ಫೋಟೋ ಸಿಗುತ್ತದೆ. ಇವನೂ ಮನೆಯ ಬೀರುವಿನ ನಿಲುಗನ್ನಡಿಯ ಮುಂದೆ ಮಗಳನ್ನು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದಿದ್ದ.

ಮೊದಲ ಒಂದು ನಿಮಿಷ ಯಾರೂ ಮಾತಾಡಬಾರದು ಎಂಬುದು ನಮ್ಮ ಇನ್ನೊಂದು ನಿಯಮ. ಇದು ಕೇಳಲು ಸುಲಭ, ಪಾಲಿಸುವುದು ಕಷ್ಟ. ಆಮೇಲೆ ಕಂಡದ್ದನ್ನಷ್ಟೇ ಹೇಳಬೇಕು, ಹೊಗಳಿಕೆಯೂ ಬೇಡ, ದೂರೂ ಬೇಡ. ಎಡ್ಮಂಡ್ ಫೆಲ್ಡ್‌ಮನ್ ಎಂಬ ಅಮೆರಿಕದ ಕಲಾಶಿಕ್ಷಕ ಕಲಾವಿಮರ್ಶೆಗೆ ನಾಲ್ಕು ಹೆಜ್ಜೆ ಹೇಳಿದ್ದಾರೆ: ಕಂಡದ್ದನ್ನು ವಿವರಿಸು, ಹೇಗೆ ಜೋಡಿಸಿದೆ ನೋಡು, ಅರ್ಥ ಹುಡುಕು, ಕೊನೆಗೆ ತೀರ್ಪು ಕೊಡು. ನಾವೆಲ್ಲ ನಾಲ್ಕನೆಯದರಿಂದ ಶುರು ಮಾಡುವವರು. ಅವತ್ತು ಒಂದನೆಯದರಲ್ಲೇ ಅರ್ಧ ಗಂಟೆ ಕಳೆಯಿತು, ಅಲ್ಲೇ ಎಲ್ಲವೂ ಸಿಕ್ಕಿತು.

"ಕನ್ನಡಿಯಲ್ಲಿ ಟ್ಯೂಬ್‌ಲೈಟ್ ಕಾಣ್ತಿದೆ."

"ನಿನ್ನ ಮೊಣಕೈನೂ ಕಾಣ್ತಿದೆ ಕಣೋ."

"ಜಡೆ ಮಸುಕಾಗಿದೆ, ಮುಖ ಸ್ಪಷ್ಟವಾಗಿದೆ."

"ತಲೆ ದೊಡ್ಡದು, ಕಾಲು ಪುಟ್ಟದು."

"ನಗ್ತಿದ್ದಾಳೆ, ಆದರೆ ಭುಜ ಕಿವಿಗೆ ಹತ್ತಿರ ಬಂದುಬಿಟ್ಟಿದೆ."

ಈ ಕೊನೆಯದನ್ನು ಹೇಳಿದ್ದು ನಮ್ಮಲ್ಲಿ ಅತಿ ಕಡಿಮೆ ಫೋಟೋ ತೆಗೆಯುವವನು. ಅಪ್ಪ ಆಗ ಬಾಯಿಬಿಟ್ಟ: ಜಡೆ ಭಾರವಾಗಿ ಕುತ್ತಿಗೆ ನೋಯುತ್ತಿದೆ ಎಂದು ಅವಳು ಅಷ್ಟು ಹೊತ್ತಿಗಾಗಲೇ ಎರಡು ಸಲ ಹೇಳಿದ್ದಳಂತೆ. ಒಂದೇ ಒಂದು ಫೋಟೋ, ನಗು ಮರಿ, ಎಂದು ಇವನು ಹದಿನೈದು ತೆಗೆದಿದ್ದ.

ಒಂದೊಂದಾಗಿ ಬಿಡಿಸಿ ನೋಡಿದೆವು. ತಲೆ ದೊಡ್ಡದಾಗಿ ಕಾಲು ಚಿಕ್ಕದಾದದ್ದು ಅವನು ನಿಂತುಕೊಂಡೇ ಹತ್ತಿರದಿಂದ ಕೆಳಮುಖವಾಗಿ ತೆಗೆದದ್ದರಿಂದ. ಮೊಬೈಲಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24ರಿಂದ 26 ಮಿಲಿಮೀಟರಿನಷ್ಟು ಅಗಲ ನೋಟದ್ದು. ಅದನ್ನು ಹಿಡಿದು ಮಗುವಿಗೆ ಹತ್ತಿರ ಹೋದಷ್ಟೂ ಮೂಗು, ಹಣೆ ಮುಂದೆ ಬರುತ್ತವೆ, ಕಿವಿಗಳು ಹಿಂದೆ ಸರಿಯುತ್ತವೆ. ದೋಷ ಲೆನ್ಸಿನದ್ದು ಎನ್ನುವುದು ವಾಡಿಕೆ, ನಿಜಕ್ಕೂ ಅದು ದೂರದ್ದು. 5-6 ಅಡಿ ಹಿಂದೆ ಸರಿದು, ಮೊಬೈಲಿನಲ್ಲಿ 2 ಪಟ್ಟಿನ ಜೂಮ್ ಒತ್ತಿ, ಮಂಡಿಯೂರಿ ಕೂತು, ಮಗುವಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ತಂದರೆ ಮುಖ ಮುಖದಂತೆ ಬರುತ್ತದೆ. ದೊಡ್ಡ ಕ್ಯಾಮೆರಾದವರು ಭಾವಚಿತ್ರಕ್ಕೆ 85 ಮಿಲಿಮೀಟರಿನ ಲೆನ್ಸ್ ಇಷ್ಟಪಡುವುದೂ ಬಹುಪಾಲು ಇದಕ್ಕೇ: ಅದು ನಮ್ಮನ್ನು ತಾನಾಗಿಯೇ ದೂರ ನಿಲ್ಲಿಸುತ್ತದೆ. ಪ್ಯಾಂಟಿನ ಮಂಡಿ ಕೊಳೆಯಾಗದೆ ಮಕ್ಕಳ ಒಳ್ಳೆಯ ಫೋಟೋ ತೆಗೆದವರನ್ನು ನಾನಂತೂ ಕಂಡಿಲ್ಲ.

ಜಡೆ ಮಸುಕಾದದ್ದರ ಹಿಂದೆ ಮೊಬೈಲಿನ ಜಾಣತನ ಇತ್ತು. ಅವನು ಪೋರ್ಟ್ರೇಟ್ ಮೋಡ್ ಹಾಕಿದ್ದ. ಹಿನ್ನೆಲೆ ಮಸುಕುಗೊಳಿಸುವುದು ಅದರ ಕೆಲಸ. ಕನ್ನಡಿಯೊಳಗಿನ ಜಡೆಯೇ ಫೋಟೋದ ಜೀವ ಎಂದು ಅದಕ್ಕೆ ಯಾರು ಹೇಳಬೇಕು? ಹಿನ್ನೆಲೆ ಎಂದುಕೊಂಡು ಒರೆಸಿಹಾಕಿತ್ತು. ಸಾದಾ ಮೋಡ್‌ನಲ್ಲಿ ತೆಗೆದಿದ್ದರೆ ಎರಡೂ ಸ್ಪಷ್ಟವಾಗಿ ಸಿಗುತ್ತಿದ್ದವು.

ದೊಡ್ಡ ಕ್ಯಾಮೆರಾದಲ್ಲಿ ಲೆಕ್ಕವೇ ಬೇರೆ. ಕ್ಯಾಮೆರಾದಿಂದ ಮಗು 6 ಅಡಿ, ಮಗುವಿನ ಬೆನ್ನಿನಿಂದ ಕನ್ನಡಿ 2 ಅಡಿ ಎಂದುಕೊಳ್ಳಿ. ಕನ್ನಡಿಯಲ್ಲಿ ಕಾಣುವ ಜಡೆ ಕ್ಯಾಮೆರಾದ ಪಾಲಿಗೆ 8 ಅಡಿಯಲ್ಲಿಲ್ಲ, 10 ಅಡಿಯಲ್ಲಿದೆ. ಬೆಳಕು ಕನ್ನಡಿಯವರೆಗೆ ಹೋಗಿ, ಅಲ್ಲಿಂದ ಮತ್ತೆ ಬೆನ್ನಿನವರೆಗೆ ಬರಬೇಕಲ್ಲ. 6 ಅಡಿಯ ಕಣ್ಣು, 10 ಅಡಿಯ ಮೊಗ್ಗು ಎರಡನ್ನೂ ಹಿಡಿಯಬೇಕಾದರೆ ಅಪರ್ಚರ್ ಎಫ್ 2ರಲ್ಲಿಟ್ಟರೆ ಆಗುವುದಿಲ್ಲ. ಎಫ್ 8 ಅಥವಾ ಇನ್ನೂ ಕಿರಿದು ಬೇಕು. ಕಿರಿದು ಮಾಡಿದರೆ ಬೆಳಕು ಕಡಿಮೆ, ಶಟರ್ ನಿಧಾನ. ಸ್ಟುಡಿಯೋದವರು "ಅಲ್ಲಾಡಬೇಡ ಪುಟ್ಟಿ" ಎಂದು ಗದರುತ್ತಿದ್ದುದರ ಹಿಂದೆ ಇಷ್ಟೆಲ್ಲ ಲೆಕ್ಕ ಇತ್ತು. ಅವರು ಕನ್ನಡಿಯನ್ನು ಸ್ವಲ್ಪ ಓರೆಯಾಗಿ ಇಡುತ್ತಿದ್ದರು, ಮಗುವನ್ನು ಅರೆ ತಿರುಗಿಸಿ ಕೂರಿಸುತ್ತಿದ್ದರು. ಓರೆ ಕನ್ನಡಿಯಲ್ಲಿ ಕ್ಯಾಮೆರಾ ಕಾಣುವುದಿಲ್ಲ, ಜಡೆಯ ಉದ್ದವೆಲ್ಲ ಕಾಣುತ್ತದೆ. ಬೀರುವಿನ ಬಾಗಿಲಿನ ಕನ್ನಡಿಯಾದರೆ ಬಾಗಿಲನ್ನು ಒಂದು ಗೇಣು ತೆರೆದರೆ ಅದೇ ಕೆಲಸವಾಗುತ್ತದೆ. ಮೊಣಕೈ, ಟ್ಯೂಬ್‌ಲೈಟ್ ಎರಡೂ ಮಾಯ.

ಇಷ್ಟೆಲ್ಲ ಹೇಳಿದ ಮೇಲೆ ಗೆಳೆಯ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. "ಆ ಜಡೆ ಈಗೆಲ್ಲಿದೆ ಮಾರಾಯ? ಮೊಗ್ಗು ಬಾಡಿ ಹೋಯ್ತು. ಮುಂದಿನ ಸಲ ಹಾಕಿಸೋ ಹೊತ್ತಿಗೆ ಇವಳ ಮುಂದಿನ ಹಲ್ಲು ಬಿದ್ದಿರುತ್ತೆ."

ಮಕ್ಕಳ ಫೋಟೋ ವಿಮರ್ಶೆಯ ಕಷ್ಟ ಇದೇ. ಬೆಟ್ಟ ಅಲ್ಲೇ ಇರುತ್ತದೆ, ಮತ್ತೊಂದು ಬೆಳಿಗ್ಗೆ ಹೋಗಬಹುದು. 6 ವರ್ಷ ಮತ್ತೆ ಬರುವುದಿಲ್ಲ. ಹಾಗಾಗಿ ಹೇಳುವ ಮಾತನ್ನು ಎರಡು ಪಾಲು ಮಾಡಿಕೊಂಡೆವು: ಇರುವ ಫೋಟೋದಲ್ಲಿ ಏನನ್ನು ಉಳಿಸಿಕೊಳ್ಳಬಹುದು, ಮುಂದಿನದಕ್ಕೆ ಏನನ್ನು ಒಯ್ಯಬಹುದು. ಅವನ ಫೋಟೋದಲ್ಲಿ ಕನ್ನಡಿಯನ್ನೇ ಬಿಟ್ಟು, ಮುಖ ಮತ್ತು ಭುಜದ ಮೇಲೆ ಇಳಿಬಿದ್ದ ಒಂದು ಎಳೆ ಮೊಗ್ಗನ್ನಷ್ಟೇ ಕತ್ತರಿಸಿಕೊಂಡರೆ ಸುಮಾರಾದ ಚಿತ್ರವೊಂದು ಸಿಕ್ಕಿತು. ಸುಮಾರಾದದ್ದು ಅಷ್ಟೆ. ಅದನ್ನು ಅವನ ಮುಖಕ್ಕೇ ಹೇಳಿದೆವು.

ಏನು ಹೇಳಬೇಕು, ಹೇಗೆ

"ಕಾಂಪೊಸಿಷನ್ ಸರಿಯಿಲ್ಲ" ಎನ್ನುವುದು ವಿಮರ್ಶೆಯಲ್ಲ. ಡಾಕ್ಟರು "ಮೈ ಸರಿಯಿಲ್ಲ" ಎಂದಂತೆ. ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕು. "ಕೈ ಮಣಿಕಟ್ಟಿನ ಹತ್ತಿರ ಕತ್ತರಿಸಿಹೋಗಿದೆ, ಮುಂಗೈ ನಡುವೆ ಕತ್ತರಿಸಿದ್ದರೆ ಇಷ್ಟು ಕಣ್ಣಿಗೆ ಚುಚ್ಚುತ್ತಿರಲಿಲ್ಲ." "ತಲೆಯ ಹಿಂದಿನಿಂದ ಕಂಬ ಎದ್ದಂತಿದೆ, ನೀನು ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಅದು ತಪ್ಪುತ್ತಿತ್ತು." ಕೊನೆಯಲ್ಲೊಂದು ಕ್ರಿಯಾಪದ ಇರಲೇಬೇಕು: ಸರಿ, ಕೂರು, ತಿರುಗಿಸು, ಕಾಯು. ಹಾಗೆ ಮಾಡಲು ಏನೂ ಇಲ್ಲದ ಟೀಕೆಯನ್ನು ನುಂಗಿಕೊಳ್ಳುವುದು ಲೇಸು.

ಟೀಕೆಗೆ ಮೊದಲು ಒಂದು ಪ್ರಶ್ನೆ: ಏನನ್ನು ಹಿಡಿಯಬೇಕೆಂದಿದ್ದೆ? ಮಗಳ ಕೀಟಲೆ ಹಿಡಿಯಬೇಕೆಂದಿದ್ದವನಿಗೆ ತಲೆಗೂದಲು ಕೆದರಿದೆ ಎಂದು ಹೇಳಿ ಪ್ರಯೋಜನವಿಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತ ಉಪಯೋಗದ್ದು, ನಾವು ಅದನ್ನು ಕಲಿತದ್ದು ಆ ಮೊಗ್ಗಿನ ಜಡೆಯಿಂದ: ಕ್ಲಿಕ್ ಮಾಡುವ ಮುಂಚೆ ಮಗುವಿಗೆ ಏನು ಹೇಳಿದೆ? ಮಕ್ಕಳ ಫೋಟೋದ ಮುಕ್ಕಾಲು ತಪ್ಪು ಬಾಯಿಂದ ಆದದ್ದು. "ಸ್ಮೈಲ್ ಮಾಡು" ಎಂದರೆ ತುಟಿ ಹಿಗ್ಗುತ್ತದೆ, ಕಣ್ಣು ಸುಮ್ಮನಿರುತ್ತದೆ. "ನೆಟ್ಟಗೆ ನಿಲ್ಲು" ಎಂದರೆ ಗಲ್ಲ ಮೇಲೇರಿ ಮೂಗಿನ ಹೊಳ್ಳೆ ಕಾಣುತ್ತದೆ. ಅದರ ಬದಲು ಕೈಗೆ ಏನಾದರೂ ಕೊಡಿ. ಕಡಲೆಕಾಯಿ ಬಿಡಿಸುವ ಮಗು, ಚಪ್ಪಲಿಯ ಬಕಲ್ ಹಾಕಿಕೊಳ್ಳಲು ಹೆಣಗುವ ಮಗು ತಾನೇ ತಾನಾಗಿರುತ್ತದೆ. ಹೆಸರು ಕರೆದರೆ ತಲೆಯೆತ್ತಿ ನೋಡುತ್ತದಲ್ಲ, ಆ ನೋಟ ಒಂದು ಸೆಕೆಂಡ್ ಅಷ್ಟೇ ಇರುತ್ತದೆ, ಆಮೇಲೆ ಕ್ಯಾಮೆರಾಕ್ಕೆಂದು ಇಟ್ಟುಕೊಂಡ ನಗು ಬಂದುಬಿಡುತ್ತದೆ.

ಆ ಒಂದು ಸೆಕೆಂಡಿಗೆ ಕ್ಯಾಮೆರಾ ಸಿದ್ಧವಿರಬೇಕು. ಕೂತ ಮಗುವಿಗೂ ಶಟರ್ 1/250 ಸೆಕೆಂಡಿಗಿಂತ ನಿಧಾನ ಇರದಿದ್ದರೆ ಕ್ಷೇಮ, ಓಡುವ ಮಗುವಿಗೆ 1/500 ಅಥವಾ ಅದಕ್ಕೂ ವೇಗ. ಮನೆಯೊಳಗೆ ಅದಕ್ಕೆ ಬೆಳಕು ಸಾಲದಿದ್ದರೆ ಐಎಸ್‌ಓ 1600, 3200ಕ್ಕೆ ಏರಿಸಲು ಹಿಂಜರಿಯಬೇಡಿ. ಫೋಟೋ ತರಿತರಿಯಾದರೆ ತಡೆದುಕೊಳ್ಳಬಹುದು, ಕಣ್ಣು ಕದಲಿ ಮಸುಕಾದರೆ ಮುಗಿಯಿತು. ಫೋಕಸ್ ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆ. ಮೊಬೈಲಿನವರಿಗೆ ಸುಲಭದ ದಾರಿ, ಮಗುವನ್ನು ಬೆಳಕಿರುವ ಕಡೆ ಕರೆದುಕೊಂಡು ಹೋಗುವುದು.

ಜಗಲಿಯ ಬೆಳಕು

ಬೆಳಕಿರುವ ಕಡೆ ಎಂದರೆ ಬಿಸಿಲಲ್ಲ. ನಡುಹಗಲ ಬಿಸಿಲಿನಲ್ಲಿ ನಿಲ್ಲಿಸಿದರೆ ಕಣ್ಣಗುಳಿ ಕಪ್ಪಾಗಿ, ಮೂಗಿನ ಕೆಳಗೆ ಮೀಸೆ ಬಂದಂತೆ ನೆರಳು ಬೀಳುತ್ತದೆ, ಮಗು ಕಣ್ಣು ಕಿರಿದು ಮಾಡುತ್ತದೆ. ನಮ್ಮ ಹಳೆಯ ಮನೆಗಳ ಜಗಲಿಗಿಂತ ಒಳ್ಳೆಯ ಸ್ಟುಡಿಯೋ ಇನ್ನೊಂದಿಲ್ಲ. ಮೇಲೆ ಸೂರು, ಎದುರಿಗೆ ತೆರೆದ ಆಕಾಶ. ಫ್ಲ್ಯಾಟಿನವರಿಗೆ ಬಾಲ್ಕನಿ ಬಾಗಿಲು ಅದೇ ಕೆಲಸ ಮಾಡುತ್ತದೆ: ಬಾಗಿಲಿನಿಂದ 2-3 ಅಡಿ ಒಳಗೆ, ಹೊರಗೆ ಮುಖ ಮಾಡಿ ಮಗುವನ್ನು ಕೂರಿಸಿ, ಮನೆಯ ದೀಪಗಳನ್ನೆಲ್ಲ ಆರಿಸಿ. ದೀಪ ಆರಿಸದಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಕಣ್ಣಿನಲ್ಲಿ ಬಾಗಿಲಿನ ಬೆಳಕಿನ ಚುಕ್ಕೆ ಮಿನುಗುತ್ತಿದೆಯೇ ನೋಡಿ. ಅದಿಲ್ಲದ ಕಣ್ಣು ನಿದ್ದೆಗಣ್ಣಿನಂತೆ ಕಾಣುತ್ತದೆ. ಒಂದು ಕಡೆ ತೀರಾ ಕತ್ತಲೆಯಾದರೆ ಆ ಬದಿಗೆ ಯಾರಾದರೂ ಬಿಳಿ ಪಂಚೆ ಹಿಡಿದು ನಿಂತರೆ ಸಾಕು. ಥರ್ಮೋಕೋಲ್ ಹಲಗೆ ಇದ್ದರೆ ಇನ್ನೂ ಒಳ್ಳೆಯದು, ಅಣ್ಣಂದಿರನ್ನು ಪಂಚೆ ಹಿಡಿಯಲು ಒಪ್ಪಿಸುವುದಕ್ಕಿಂತ ಅದು ಸುಲಭ.

ಬಣ್ಣಗಳು ಸದ್ದಿಲ್ಲದೆ ಮುಖಕ್ಕೆ ಹತ್ತುತ್ತವೆ. ಮಾವಿನ ಮರದಡಿ ಹಸಿರು, ಕಾವಿ ನೆಲದ ಮೇಲೆ ಕೂರಿಸಿದರೆ ಗಲ್ಲದ ಕೆಳಗೆ ಕೆಂಪು. ತೆಗೆಯುವಾಗ ನಮ್ಮ ಕಣ್ಣಿಗೆ ಕಾಣದು, ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ.

ಸುಣ್ಣದ ಗೋಡೆಯ ಮುಂದೆ ನಿಂತ ಮಗುವಿನ ಮುಖ ಕಪ್ಪಾಗಿ ಬಂತು ಎಂದು ಅನೇಕರು ಗೊಣಗುತ್ತಾರೆ. ಕ್ಯಾಮೆರಾದ ಬೆಳಕಿನ ಮೀಟರು ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣ ಎಂದುಕೊಂಡು ಅಳೆಯುತ್ತದೆ. ಬಿಳಿ ಗೋಡೆ ಹೆಚ್ಚು ಜಾಗ ತುಂಬಿದ್ದರೆ ಬೆಳಕು ಜಾಸ್ತಿಯಾಯಿತು ಎಂದು ಇಡೀ ಚಿತ್ರವನ್ನೇ ಕುಗ್ಗಿಸಿಬಿಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಿ, ಅಥವಾ ಮೊಬೈಲಿನಲ್ಲಿ ಮುಖದ ಮೇಲೆ ಒತ್ತಿ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಇದು ಬೆಳಕಿನ ಲೆಕ್ಕ. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದು ಲ್ಯಾಬಿನಲ್ಲಿ ಹೇಳುವುದು ಬೇರೆಯೇ ಮಾತು, ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಗುವಿನ ಬಣ್ಣ, ಓರೆ ಹಲ್ಲು, ಸಣಕಲು ಕೈ ಇವು ಯಾವುವೂ ವಿಮರ್ಶೆಗೆ ಸೇರಿದ್ದಲ್ಲ. ನಮ್ಮ ಮೇಜಿನ ಮೇಲೆ ಅವು ಬಂದರೆ ಮಾತು ನಿಲ್ಲಿಸುತ್ತೇವೆ. ಮಗು ಪಕ್ಕದ ಕೋಣೆಯಲ್ಲಿದ್ದರಂತೂ ಧ್ವನಿಯನ್ನೂ ತಗ್ಗಿಸುತ್ತೇವೆ. ಫೋಟೋ ಬಗ್ಗೆ ಆಡಿದ್ದನ್ನು ಮಕ್ಕಳು ತಮ್ಮ ಬಗ್ಗೆ ಎಂದೇ ಕೇಳಿಸಿಕೊಳ್ಳುತ್ತಾರೆ.

ತಿದ್ದುವ ಆ್ಯಪ್‌ಗಳ ಕತೆ ಒಂದಿದೆ. ನಾನೇ ಒಮ್ಮೆ ತಂಗಿಯ ಮಗುವಿನ ನಾಮಕರಣದ ಫೋಟೋ ತಿದ್ದುತ್ತ ಚರ್ಮ ನುಣುಪು ಮಾಡುವ ಗುಂಡಿ ಒತ್ತಿದೆ. ಪ್ರಿಂಟ್ ನೋಡಿ ಎಲ್ಲರೂ ಮೆಚ್ಚಿದರು, ಅಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಕೇಳಿದಳು, "ದೃಷ್ಟಿಬೊಟ್ಟು ಎಲ್ಲಿ?" ಕೆನ್ನೆಯ ಮೇಲಿನ ಕಾಡಿಗೆಯ ಬೊಟ್ಟನ್ನು ಆ್ಯಪು ಕಲೆ ಎಂದು ಅಳಿಸಿತ್ತು. ಅವಳಿಗೆ ಆ ಫೋಟೋವನ್ನು ಗೋಡೆಗೆ ಹಾಕಲು ಮನಸ್ಸಾಗಲೇ ಇಲ್ಲ. ಅವತ್ತಿನಿಂದ ಮಕ್ಕಳ ಫೋಟೋದಲ್ಲಿ ನಾನು ಬೆಳಕು, ಬಣ್ಣ, ಅಂಚು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಮೊಣಕಾಲಿನ ಗಾಯದ ಗುರುತೂ ಇರಲಿ, ಅದು ಆ ವರ್ಷದ ದಾಖಲೆ.

ಯಾರ ಮಾತು ಕೇಳಬೇಕು

ಎಲ್ಲ ವಿಮರ್ಶೆಯನ್ನೂ ತಲೆಗೆ ಹಾಕಿಕೊಳ್ಳಬೇಕಿಲ್ಲ. ಕಲ್ಕತ್ತದಲ್ಲಿ 1815ರಲ್ಲಿ ಹುಟ್ಟಿದ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್‌ಗೆ ಮಗಳು, ಅಳಿಯ ಕ್ಯಾಮೆರಾ ತಂದುಕೊಟ್ಟಾಗ 48 ವರ್ಷ. ಮರುತಿಂಗಳು, 1864ರ ಜನವರಿಯಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದ ತನ್ನ ಮನೆಯಲ್ಲಿ ಆ್ಯನಿ ಎಂಬ ಪುಟ್ಟ ಹುಡುಗಿಯ ಚಿತ್ರ ತೆಗೆದು, ಅದನ್ನೇ ತನ್ನ ಮೊದಲ ಯಶಸ್ಸು ಎಂದು ಕರೆದುಕೊಂಡಳು. ಆಗಿನ ಒದ್ದೆ ಗಾಜಿನ ಫಲಕಕ್ಕೆ ಮಗು ಹಲವು ಸೆಕೆಂಡು ಕದಲದೆ ಕೂರಬೇಕಿತ್ತು. ಅವಳ ಚಿತ್ರಗಳು ಫೋಕಸ್ ತಪ್ಪಿವೆ, ಫಲಕದ ಮೇಲೆ ಕಲೆಗಳಿವೆ ಎಂದು ಅಂದಿನ ಛಾಯಾಗ್ರಹಣದ ಪಂಡಿತರು ಹೀಯಾಳಿಸಿದರು. ಅವಳಿಗೆ ಆ ಮೃದುತ್ವ ಬೇಕಾಗಿಯೇ ಇತ್ತು, ಬಿಡಲಿಲ್ಲ. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎನಿಸಿಕೊಂಡಿರುವ ಲಂಡನ್ನಿನ ವಸ್ತುಸಂಗ್ರಹಾಲಯ 1865ರಲ್ಲೇ ಅವಳ ಚಿತ್ರಗಳನ್ನು ಕೊಂಡಿತು. ಆದರೆ ಈ ಕತೆಯನ್ನು ಗುರಾಣಿ ಮಾಡಿಕೊಳ್ಳುವವರನ್ನೂ ಕಂಡಿದ್ದೇನೆ. ಕೈ ನಡುಗಿ ಮಸುಕಾದದ್ದಕ್ಕೂ ಬೇಕೆಂದೇ ಮಸುಕು ಮಾಡಿದ್ದಕ್ಕೂ ವ್ಯತ್ಯಾಸವಿದೆ. ಮುಂದಿನ ಹತ್ತು ಫೋಟೋ ನೋಡಿದರೆ ಅದು ಬಯಲಾಗುತ್ತದೆ.

ಕಲಿಯುವ ಹಂಬಲವಿದ್ದವರಿಗೆ ಕ್ಲಬ್ಬುಗಳಿವೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದಲೂ ಇದೆ. ಸಲಾನ್ ಎನ್ನುವ ಫೋಟೋ ಸ್ಪರ್ಧೆಗಳಿಗೆ ಕಳಿಸುವುದೂ ಒಳ್ಳೆಯದೇ, ಆದರೆ ಅಲ್ಲಿ ತೀರ್ಪುಗಾರರು ಒಂದೊಂದು ಚಿತ್ರಕ್ಕೆ ಕೊಡುವುದು ಕೆಲವೇ ಸೆಕೆಂಡು. ಅಂಕ ಬರುತ್ತದೆ, ಕಾರಣ ಬರುವುದಿಲ್ಲ. ಕಾರಣ ಬೇಕಾದರೆ ಮೇಜು ಬೇಕು, ಕಾಫಿ ಬೇಕು, ಮಗುವಿನ ನೆಂಟರಲ್ಲದ ಒಬ್ಬರಾದರೂ ಬೇಕು.

ಹೊರಗಿನವರ ಮುಂದೆ ಫೋಟೋ ಇಡುವ ಮುನ್ನ ಯಾರದ್ದು ಇಡುತ್ತಿದ್ದೇವೆ ಎಂಬ ಎಚ್ಚರವಿರಲಿ. ಸ್ನಾನದ ಫೋಟೋ ಮನೆಯ ಆಲ್ಬಮ್ಮಿನಲ್ಲೇ ಇರಲಿ. ಶಾಲೆಯ ಬ್ಯಾಡ್ಜು, ಮನೆಯ ವಿಳಾಸ ಕಾಣುವಂಥದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಬೀದಿಯಲ್ಲಿ ಕಂಡ ಬೇರೆಯವರ ಮಗುವಾದರೆ ತಾಯಿತಂದೆಯನ್ನು ಕೇಳಿ, ಮಗುವನ್ನೂ ಕೇಳಿ. ಬೇಡ ಎಂದು ತಲೆಯಾಡಿಸಲು 3 ವರ್ಷದವರಿಗೂ ಬರುತ್ತದೆ.

ಮಕ್ಕಳನ್ನೇ ವಿಮರ್ಶಕರಾಗಿ ಕೂರಿಸಿ ನೋಡಿ, ಅವರ ಆಯ್ಕೆ ನಮ್ಮದಕ್ಕೆ ಒಂದಿಷ್ಟೂ ಹೊಂದುವುದಿಲ್ಲ. ಮೂರು ಪ್ರಿಂಟ್ ಮುಂದಿಟ್ಟರೆ ನಾವು ಬೆಳಕು ಚೆನ್ನಾಗಿರುವುದನ್ನು ಎತ್ತಿಕೊಳ್ಳುತ್ತೇವೆ, ಅವರು ನಾಯಿ ಇರುವುದನ್ನು.

ಮೊಗ್ಗಿನ ಜಡೆಯ ಗೆಳೆಯ ಎರಡು ತಿಂಗಳ ನಂತರ ಮತ್ತೊಂದು ಪ್ರಿಂಟ್ ತಂದ. ಅದೇ ಮಗಳು, ಶಾಲೆಯಿಲ್ಲದ ದಿನ, ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿಹೋಗಿದೆ. ಅಜ್ಜನ ಮನೆಯ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಳೆ, ಯಾರೋ ಕರೆದಿದ್ದಾರೆ, ಆಗಷ್ಟೇ ತಲೆಯೆತ್ತಿದ್ದಾಳೆ. ಕಣ್ಣಿನಲ್ಲಿ ಅಂಗಳದ ಆಕಾಶ ಪುಟ್ಟ ಚುಕ್ಕೆಯಾಗಿ ಕೂತಿದೆ. ಮುಂದಿನ ಹಲ್ಲು ಹೇಳಿದಂತೆಯೇ ಬಿದ್ದಿದೆ. ನಿಯಮದ ಒಂದು ನಿಮಿಷ ಮುಗಿದರೂ ಯಾರೂ ಮಾತಾಡಲಿಲ್ಲ.

ಆಮೇಲೆ ಒಬ್ಬ ಬಲ ಅಂಚಿಗೆ ಬೆರಳಿಟ್ಟ. ಅಲ್ಲಿ ಅಜ್ಜನ ಚಪ್ಪಲಿ ಅರ್ಧ ಕಾಣುತ್ತಿತ್ತು. ಕತ್ತರಿಸು ಎಂದ ಅವನು. ಇರಲಿ, ಕರೆದವರು ಯಾರು ಎಂದು ಅದರಿಂದಲೇ ಗೊತ್ತಾಗುತ್ತದೆ ಎಂದೆ ನಾನು. ಕಾಫಿ ಎರಡನೇ ಸಲ ಬಂತು. ಚಪ್ಪಲಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ.